ನಡುಗಡಲಿನಲ್ಲಿ ಒಂದು ಸಿಗರೇಟಿನ ತುಂಡು

ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರು. ನೀರಿನ ನಡುವೆ ಹಡಗು. ಹೀಗಿರುವಾಗ ಬೆಂಕಿಗೆ ಅಂಜುವುದೇಕೆ ಎಂದು ದಡದಲ್ಲಿ ನಿಂತವರಿಗೆ ಅನ್ನಿಸುವುದು ಸಹಜ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಮನೆಗೆ ಸಲ್ಲುವುದೇ ಹೊರತು ಕಡಲಿಗಲ್ಲ ಎಂದು ಯಾರಾದರೂ ವಿನೋದವಾಡಿಯಾರು. ಆದರೆ ಹಡಗಿನ ಬದುಕನ್ನು ಬಲ್ಲವರು ಬಿರುಗಾಳಿಯಷ್ಟೇ ಭಯದಿಂದ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಿನ ಭಯದಿಂದ ಬೆಂಕಿಯ ಮಾತನ್ನಾಡುತ್ತಾರೆ. ಊರಿನಲ್ಲಿ ಮನೆಗೆ ಬೆಂಕಿ ತಗುಲಿದರೆ ಬೀದಿಗೆ ಓಡಿಬರಬಹುದು. ಸ್ವಲ್ಪ ಹೊತ್ತಿನಲ್ಲಿ ಅಗ್ನಿಶಾಮಕ ದಳದವರು ಗಂಟೆ ಬಾರಿಸುತ್ತ ಬಂದಾರು. ನಡುಗಡಲಿನಲ್ಲಿ ಓಡಲು ಬೀದಿಯಿಲ್ಲ. ಹೊರಗಿನಿಂದ ಬರುವ ದಳವೂ ಇಲ್ಲ. ಊಟ ಬಡಿಸುವವರು, ಕೋಣೆ ಗುಡಿಸುವವರು, ಯಂತ್ರ ನೋಡಿಕೊಳ್ಳುವವರು ಇವರೇ ಆಗ ರಕ್ಷಕರಾಗಬೇಕು.

ಇನ್ನು ನೀರು. ಅದು ಯಥೇಚ್ಛವಾಗಿದೆಯೆಂದು ಹಡಗಿನೊಳಕ್ಕೆ ಸುರಿಯುತ್ತ ಹೋಗುವಂತಿಲ್ಲ. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ್ದ ‘ನಾರ್ಮಂಡಿ’ ಎಂಬ ಭವ್ಯವಾದ ಫ್ರೆಂಚ್ ನೌಕೆಯಲ್ಲಿ ಮಾರ್ಪಾಡಿನ ಕೆಲಸ ನಡೆಯುತ್ತಿದ್ದಾಗ, ಲೋಹ ಕತ್ತರಿಸುವ ಜ್ವಾಲೆಯ ಕಿಡಿಯೊಂದು ರಾಶಿ ಹಾಕಿದ್ದ ಜೀವರಕ್ಷಕ ಕವಚಗಳಿಗೆ ತಾಕಿತು. ಬೆಂಕಿಯನ್ನು ನಂದಿಸಲೆಂದು ದಡದಿಂದಲೂ ದೋಣಿಗಳಿಂದಲೂ ನೀರು ಹೊಯ್ದರು. ಬೆಂಕಿಯೇನೋ ಆರಿತು, ಆದರೆ ಮೇಲಿನ ಅಂತಸ್ತುಗಳಲ್ಲಿ ಒಂದು ಮಗ್ಗುಲಿಗೆ ನಿಂತ ನೀರಿನ ಭಾರಕ್ಕೆ ಆ ಮಹಾನೌಕೆ ಮರುದಿನ ನಸುಕಿನಲ್ಲಿ ಕಟ್ಟೆಯ ಪಕ್ಕದಲ್ಲಿಯೇ ಮಗುಚಿ ಮಲಗಿತು.

ಮುಂಬಯಿಗೂ ಕರಾವಳಿಗೂ ನಡುವೆ ಹಡಗಿನಲ್ಲಿ ಓಡಾಡಿದ ಹಿರಿಯರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ‘ಕೊಂಕಣ ಶಕ್ತಿ’, ‘ಕೊಂಕಣ ಸೇವಕ’ ಎಂಬ ಹೆಸರುಗಳು ಅವರ ನಾಲಗೆಯ ತುದಿಯಲ್ಲಿವೆ. ಮರಾಠಿಗರು ಹೊಗೆಹಡಗನ್ನು ‘ಆಗಬೋಟ್’ ಎಂದು ಕರೆದರು. ಎಂದರೆ ಬೆಂಕಿಯ ದೋಣಿ. ಹೊಟ್ಟೆಯಲ್ಲಿ ಬೆಂಕಿಯಿಟ್ಟುಕೊಂಡೇ ಸಾಗುವ ವಾಹನಕ್ಕೆ ಅದಕ್ಕಿಂತ ಸರಿಯಾದ ಹೆಸರು ದೊರೆಯದು. ಆ ಸಂಚಾರ ನಿಂತು ಹೋಗಿ ವರ್ಷಗಳಾದವು. ಈಗಿನ ಸಡಗರ ವಿಹಾರನೌಕೆಯದು. 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದಲೇ ಗೋವೆಗೆ, ಲಕ್ಷದ್ವೀಪಕ್ಕೆ ಇಂಥ ನೌಕೆ ಹೊರಡತೊಡಗಿದೆ. ವಿದೇಶೀ ವಿಹಾರನೌಕೆಗಳು ನವಮಂಗಳೂರು ಬಂದರಿಗೂ ಬಂದು ಹೋಗುತ್ತವೆ. ನಿವೃತ್ತರಾದ ತಂದೆತಾಯಿಗಳನ್ನು, ಮೊಮ್ಮಕ್ಕಳನ್ನು ಜೊತೆಗೂಡಿಸಿಕೊಂಡು ನಮ್ಮ ಕುಟುಂಬಗಳೂ ಹೊರಡುತ್ತಿವೆ. ಟಿಕೆಟಿನ ಜೊತೆಗೆ ಬರುವ ನಿಯಮಗಳ ಪಟ್ಟಿಯಲ್ಲಿ ‘ಕೋಣೆಯಲ್ಲಿಯೂ ಬಾಲ್ಕನಿಯಲ್ಲಿಯೂ ಧೂಮಪಾನ ನಿಷಿದ್ಧ’ ಎಂಬ ಸಾಲೊಂದಿರುತ್ತದೆ. ಸಮುದ್ರದ ಗಾಳಿಗೆ ತೆರೆದುಕೊಂಡ ಬಾಲ್ಕನಿಯಲ್ಲಿ ನಿಂತು ಒಂದು ಸಿಗರೇಟು ಸೇದಿದರೆ ಯಾರಿಗೇನು ನಷ್ಟ ಎಂದು ಅದನ್ನೋದಿದವರು ಗೊಣಗುವುದುಂಟು. ಆ ಸಾಲಿನ ಹಿಂದೆ ಒಂದು ರಾತ್ರಿಯ ಕಥೆಯಿದೆ.

ಕ್ಯಾರಿಬಿಯನ್ ಸಮುದ್ರದಲ್ಲಿ

2006ರ ಮಾರ್ಚ್ 23. ‘ಸ್ಟಾರ್ ಪ್ರಿನ್ಸೆಸ್’ ಎಂಬ ವಿಹಾರನೌಕೆ ಗ್ರ್ಯಾಂಡ್ ಕೇಮನ್ ದ್ವೀಪದಿಂದ ಜಮೈಕಾದ ಮಾಂಟೆಗೋ ಬೇ ಬಂದರಿನತ್ತ ಸಾಗುತ್ತಿತ್ತು. ಅದೇನೂ ಹಳೆಯ ಹಡಗಲ್ಲ. 2002ರಲ್ಲಷ್ಟೇ ಸೇವೆಗಿಳಿದದ್ದು, ಸುಮಾರು 290 ಮೀಟರ್ ಉದ್ದದ್ದು. ಅದರಲ್ಲಿ 2,690 ಪ್ರಯಾಣಿಕರು, 1,123 ಸಿಬ್ಬಂದಿ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯೇ ನೀರಿನ ಮೇಲೆ ಹೊರಟಂತೆ. ನಸುಕಿನ 3 ಗಂಟೆಯ ಹೊತ್ತಿಗೆ, ಎಲ್ಲರೂ ನಿದ್ರಿಸುತ್ತಿರುವಾಗ, ಎಡ ಮಗ್ಗುಲಿನ 10ನೆಯ ಅಂತಸ್ತಿನ ಒಂದು ಬಾಲ್ಕನಿಯಲ್ಲಿ ಜ್ವಾಲೆ ಕಾಣಿಸಿತು.

ಬ್ರಿಟನ್ನಿನ ನೌಕಾ ಅಪಘಾತ ತನಿಖಾ ಶಾಖೆ ಈ ಪ್ರಮಾದವನ್ನು ವಿಚಾರಿಸಿತು. ಯಾರೋ ಎಸೆದ ಸಿಗರೇಟಿನ ತುಂಡು ಬಾಲ್ಕನಿಯ ಮೇಲೆ ಬಿದ್ದು, ಅಲ್ಲಿದ್ದ ಉರಿಯಬಲ್ಲ ವಸ್ತುವನ್ನು ಕಾಯಿಸಿ, ಸುಮಾರು 20 ನಿಮಿಷಗಳ ಕಾಲ ಹೊಗೆಯಾಡಿ ಅನಂತರ ಹೊತ್ತಿಕೊಂಡಿರುವುದೇ ಅತ್ಯಂತ ಸಂಭವನೀಯ ಕಾರಣವೆಂದು ಅದು ತೀರ್ಮಾನಿಸಿತು. ಈ ಇಪ್ಪತ್ತು ನಿಮಿಷಗಳನ್ನು ಗಮನಿಸಬೇಕು. ಸೇದಿದವರು ಆ ವೇಳೆಗೆ ತಮ್ಮ ಹಾಸಿಗೆ ಸೇರಿ ಒಂದು ನಿದ್ದೆ ತೆಗೆದಿರಲೂಬಹುದು. ತಮ್ಮ ಬೆರಳಿನಿಂದ ಜಾರಿದ್ದು ಏನಾಯಿತೆಂದು ಅವರಿಗೆ ತಿಳಿದಿರಲಾರದು.

ಸೇದದೆ ಸುಮ್ಮನೆ ಹಿಡಿದಿರುವ ಸಿಗರೇಟಿನ ತುದಿಯಲ್ಲಿಯೂ ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣವಿರುತ್ತದೆ. ಜಗ್ಗಿ ಎಳೆದಾಗ ಅದು 900ರ ಹತ್ತಿರಕ್ಕೆ ಏರುತ್ತದೆ. ಸಮುದ್ರಕ್ಕೆ ಎಸೆದರಾಯಿತು ಎಂಬ ಎಣಿಕೆಯೂ ಸರಿಯಲ್ಲ. 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಸಾಗುವ ಹಡಗಿನ ಪಕ್ಕದಲ್ಲಿ ಗಾಳಿ ಸುಳಿಸುಳಿಯಾಗಿ ತಿರುಗುತ್ತದೆ. ಮೇಲಿನಿಂದ ಎಸೆದ ಕಿಡಿ ನೀರು ಮುಟ್ಟುವ ಬದಲು ಕೆಳಗಿನ ಅಥವಾ ಹಿಂದಿನ ಬಾಲ್ಕನಿಯೊಂದರ ಒಳಕ್ಕೆ ಬಂದು ಕೂಡಬಲ್ಲದು. ಅಲ್ಲಿ ಒಣಗಲು ಹರವಿದ ಟವೆಲಿರಬಹುದು, ಮೆತ್ತೆಯಿರಬಹುದು.

ಆ ಬಾಲ್ಕನಿಗಳ ನೆಲಕ್ಕೆ ಹಾಸಿದ್ದು ಪಾಲಿಯುರಿಥೇನಿನ ಹಲಗೆಗಳು, ಒಂದು ಬಾಲ್ಕನಿಗೂ ಇನ್ನೊಂದಕ್ಕೂ ನಡುವಣ ಮರೆ ಪಾಲಿಕಾರ್ಬೊನೇಟಿನದು, ಕುರ್ಚಿಮೇಜುಗಳು ಪ್ಲಾಸ್ಟಿಕಿನವು. ಎಲ್ಲವೂ ಉರಿಯತಕ್ಕವು, ಉರಿದಾಗ ಕಪ್ಪು ಹೊಗೆಯನ್ನು ಕಾರತಕ್ಕವು. ಗಾಳಿಯ ಸಹಾಯದಿಂದ ಬೆಂಕಿ ಒಂದು ಬಾಲ್ಕನಿಯಿಂದ ಮತ್ತೊಂದಕ್ಕೆ ಹಾರುತ್ತ, ಹತ್ತು ನಿಮಿಷಗಳೊಳಗೆ 11, 12ನೆಯ ಅಂತಸ್ತುಗಳಿಗೆ ಏರಿತು. ಪಕ್ಕದ ಅಗ್ನಿವಲಯಗಳಿಗೂ ದಾಟಿತು. ತಾಪಕ್ಕೆ ಬಾಲ್ಕನಿಯ ಗಾಜಿನ ಬಾಗಿಲುಗಳು ಸಿಡಿದವು.

ಇಲ್ಲಿಯೇ ಸೋಜಿಗದ ಸಂಗತಿಯಿರುವುದು. ಗಾಜು ಒಡೆದು ಕೋಣೆಯೊಳಕ್ಕೆ ನುಗ್ಗಿದ ಬೆಂಕಿ ಅಲ್ಲಿಯೇ ನಿಂತಿತು. ಕೋಣೆಯೊಳಗೆ ತಾನಾಗಿ ನೀರು ಚಿಮ್ಮುವ ವ್ಯವಸ್ಥೆಯಿತ್ತು; ಹಾಸಿಗೆ, ಪರದೆ, ಪೀಠೋಪಕರಣಗಳು ಸುಲಭವಾಗಿ ಉರಿಯದ ಬಗೆಯವಾಗಿದ್ದವು; ಗೋಡೆಗಳು ತಾಪವನ್ನು ತಡೆದವು. ಕೋಣೆಗೆ ಬರೆದಿದ್ದ ನಿಯಮ ತನ್ನ ಕೆಲಸವನ್ನು ಮಾಡಿತು. ಆದರೆ ಬಾಲ್ಕನಿ ಹಡಗಿನ ‘ಹೊರಭಾಗ’ ಎಂದು ಎಣಿಸಲ್ಪಟ್ಟಿದ್ದರಿಂದ ಅಲ್ಲಿಗೆ ಆ ನಿಯಮ ಅನ್ವಯಿಸಿರಲಿಲ್ಲ. ಹೊಗೆಯನ್ನು ಪತ್ತೆ ಹಚ್ಚುವ ಸಾಧನವಾಗಲಿ, ನೀರಿನ ತುಂತುರಾಗಲಿ ಅಲ್ಲಿ ಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಮನೆಯೊಳಗೆ ಹತ್ತು ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಹಡಗಿನ ಸಿಬ್ಬಂದಿ ಸುಮಾರು ಒಂದೂವರೆ ಗಂಟೆಯಲ್ಲಿ ಬೆಂಕಿಯನ್ನು ನಂದಿಸಿದರು. 79 ಕೋಣೆಗಳು ದುರಸ್ತಿಗೂ ಬಾರದಂತೆ ಹಾಳಾದವು. ಇನ್ನೂ 218 ಕೋಣೆಗಳಿಗೆ ಬೆಂಕಿ, ಹೊಗೆ ಇಲ್ಲವೆ ನೀರಿನಿಂದ ಹಾನಿಯಾಯಿತು. ಪ್ರಯಾಣಿಕರೊಬ್ಬರು ಪ್ರಾಣ ಬಿಟ್ಟರು. 13 ಮಂದಿಗೆ ಚಿಕಿತ್ಸೆ ಬೇಕಾಯಿತು. ಸತ್ತವರು ಸುಟ್ಟು ಸತ್ತವರಲ್ಲ. ಅವರ ಪ್ರಾಣವನ್ನು ತೆಗೆದದ್ದು ಹೊಗೆ.

ಹೊಗೆ ದೇಹದೊಳಗೆ ಮಾಡುವುದೇನು?

ಬೆಂಕಿಯೆಂದರೆ ಜನ ಜ್ವಾಲೆಗೆ ಹೆದರುತ್ತಾರೆ. ಹೆದರಬೇಕಾದದ್ದು ಮೊದಲು ಹೊಗೆಗೆ. ವಸ್ತುಗಳು ಅರೆಬರೆಯಾಗಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಹಾಗೆ ಅಪ್ಪಿಕೊಂಡ ರಕ್ತ ದೇಹದಲ್ಲೆಲ್ಲ ಸುತ್ತಿದರೂ ಆಮ್ಲಜನಕವನ್ನು ಒಯ್ಯಲಾರದು. ಮೊದಲು ತಲೆನೋವು, ತಲೆಸುತ್ತು. ಬಳಿಕ ಬುದ್ಧಿಗೆ ಮಂಕು. ಬಾಗಿಲು ಯಾವ ದಿಕ್ಕಿನಲ್ಲಿದೆಯೆಂದು ತಿಳಿಯದೆ ತಡಕಾಡುವ ಸ್ಥಿತಿ. ನಿದ್ರಿಸುತ್ತಿದ್ದವರು ಎಚ್ಚರಗೊಳ್ಳದೆಯೂ ಹೋಗಬಹುದು. ಹೃದ್ರೋಗಿಗಳಿಗೆ, ಉಬ್ಬಸದವರಿಗೆ, ವೃದ್ಧರಿಗೆ ಇತರರಿಗಿಂತ ಬೇಗ ಅಪಾಯ ತಟ್ಟುತ್ತದೆ. ಹಗಲಿಗೆ ಹಲವು ಸಿಗರೇಟು ಸೇದುವವರ ರಕ್ತದಲ್ಲಿ ಈ ಅನಿಲದ ಒಂದಂಶ ಮೊದಲೇ ಮನೆ ಮಾಡಿಕೊಂಡಿರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಪಾಲಿಯುರಿಥೇನಿನಂಥ ವಸ್ತುಗಳು ಉರಿದಾಗ ಹೈಡ್ರೋಜನ್ ಸಯನೈಡ್ ಎಂಬ ವಿಷವೂ ಹೊಮ್ಮುತ್ತದೆ. ಇದು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಮೊದಲನೆಯದು ಅನ್ನ ತರುವ ಗಾಡಿಯನ್ನು ನಿಲ್ಲಿಸಿದರೆ ಎರಡನೆಯದು ಉಣ್ಣುವ ಬಾಯನ್ನೇ ಕಟ್ಟುತ್ತದೆ. 1990ರ ಏಪ್ರಿಲ್ 7ರ ರಾತ್ರಿ ಓಸ್ಲೋವಿನಿಂದ ಡೆನ್ಮಾರ್ಕಿನತ್ತ ಹೊರಟಿದ್ದ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಹಡಗಿನಲ್ಲಿ 159 ಮಂದಿ ಸತ್ತದ್ದಕ್ಕೆ ಮುಖ್ಯ ಕಾರಣ ಈ ಜೋಡಿ ವಿಷವೇ. ಅಲ್ಲಿ ಸಿಗರೇಟಿನ ದೋಷವಿರಲಿಲ್ಲ. ಯಾರೋ ಬೇಕೆಂದೇ ಬೆಂಕಿಯಿಟ್ಟಿದ್ದರು. ಆದರೆ ಓಣಿಗಳ ಗೋಡೆಗೆ ಅಂಟಿಸಿದ್ದ ಅಲಂಕಾರದ ಹಾಳೆ ಉರಿದು ವಿಷ ಕಾರಿತು. ಸಿಬ್ಬಂದಿಯಲ್ಲಿ ಹಲವರಿಗೆ ಪ್ರಯಾಣಿಕರ ಭಾಷೆ ಬಾರದು. ಆ ಹಡಗಿನಲ್ಲಿ ಅವರಿಗೆ ಸರಿಯಾದ ಅಭ್ಯಾಸವೂ ನಡೆದಿರಲಿಲ್ಲ.

ಹೊಗೆ ತುಂಬಿದ ಓಣಿಯಲ್ಲಿ ನೆಟ್ಟಗೆ ನಡೆಯಬಾರದು. ಬಿಸಿ ಹೊಗೆ ಮೇಲಕ್ಕೇರುವುದರಿಂದ ನೆಲದ ಹತ್ತಿರದ ಗಾಳಿ ಸ್ವಲ್ಪ ಹೆಚ್ಚು ಹೊತ್ತು ಉಸಿರಾಡುವಂತಿರುತ್ತದೆ. ಬಗ್ಗಿ ಅಥವಾ ತೆವಳಿ ಸಾಗಬೇಕು. ಹಡಗಿನ ಓಣಿಗಳಲ್ಲಿ ನೆಲದಿಂದ ಒಂದು ಅಡಿಯೊಳಗೆ ಹೊಳೆಯುವ ಪಟ್ಟಿ ಅಥವಾ ದೀಪಗಳ ಸಾಲನ್ನಿಟ್ಟಿರುವುದು ಹೀಗೆ ತೆವಳುವವರಿಗೆ ದಾರಿ ತೋರಿಸಲೆಂದೇ, ಅಲಂಕಾರಕ್ಕಲ್ಲ. ಮೂಗಿಗೆ ಒದ್ದೆ ಬಟ್ಟೆ ಹಿಡಿದರೆ ಮಸಿ ಒಂದಿಷ್ಟು ತಡೆಯಬಹುದು. ಕಾರ್ಬನ್ ಮೊನಾಕ್ಸೈಡನ್ನು ಅದು ತಡೆಯದು. ಬಟ್ಟೆಯನ್ನು ನಂಬಿ ಹೊಗೆಯಲ್ಲಿ ನಿಂತಿರಲಾಗದು.

ಸುಟ್ಟು ಬರೆದ ಕಾನೂನು

ಹಡಗಿನ ಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದವನ್ನು ‘ಸೋಲಾಸ್’ ಎಂದು ಕರೆಯುತ್ತಾರೆ. ಟೈಟಾನಿಕ್ ಮುಳುಗಿದ ಬಳಿಕ, 1914ರಲ್ಲಿ, ಅದರ ಮೊದಲ ರೂಪ ಸಿದ್ಧವಾಯಿತು. ಈಗ ಜಾರಿಯಲ್ಲಿರುವುದು 1974ರದು, ಹಲವು ತಿದ್ದುಪಡಿಗಳೊಡನೆ. ಅದರ ಅಗ್ನಿಸುರಕ್ಷಾ ಭಾಗವನ್ನು ಓದುವುದೆಂದರೆ ಬೂದಿಯ ಮೇಲೆ ನಡೆದಂತೆ. ಹಲವು ನಿಯಮಗಳ ಹಿಂದೆ ಒಂದೊಂದು ಹಡಗು. 1934ರ ಸೆಪ್ಟೆಂಬರಿನಲ್ಲಿ ಹವಾನಾದಿಂದ ನ್ಯೂಯಾರ್ಕಿಗೆ ಮರಳುತ್ತಿದ್ದ ‘ಮೊರೊ ಕ್ಯಾಸಲ್’ ಉರಿದು 137 ಮಂದಿ ಸತ್ತರು. 1965ರ ನವೆಂಬರ್ 13ರಂದು ಮಯಾಮಿಯಿಂದ ನಸ್ಸಾವಿಗೆ ಹೊರಟಿದ್ದ ‘ಯಾರ್ಮತ್ ಕ್ಯಾಸಲ್’ ಎಂಬ ಮುದಿ ಹಡಗಿನಲ್ಲಿ, ಹಾಸಿಗೆಗಳನ್ನು ತುಂಬಿಟ್ಟಿದ್ದ 610ನೆಯ ಕೋಣೆಯಲ್ಲಿ ಬೆಂಕಿ ಹುಟ್ಟಿ 90 ಮಂದಿಯ ಆಹುತಿಯಾಯಿತು. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಕಪ್ತಾನ ಮೊದಮೊದಲ ದೋಣಿಯೊಂದರಲ್ಲಿ ಹೊರಟುಬಂದಿದ್ದ. ಆ ಬಳಿಕ ಹಡಗಿನ ಕಟ್ಟಡದಲ್ಲಿ ಮರಕ್ಕೆ ಬದಲಾಗಿ ಉಕ್ಕು ಬೇಕೆಂಬ ಮಾತಿಗೆ ಬಲ ಬಂತು. ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ದುರಂತದ ತರುವಾಯ 1992ರಲ್ಲಿ ಬಂದ ತಿದ್ದುಪಡಿಗಳು ಹೊಗೆ ಪತ್ತೆಯ ಸಾಧನಗಳನ್ನೂ ನೀರಿನ ತುಂತುರಿನ ವ್ಯವಸ್ಥೆಯನ್ನೂ ಹಳೆಯ ಹಡಗುಗಳಿಗೂ ಕಡ್ಡಾಯ ಮಾಡಿದವು.

ಇಂದಿನ ನೌಕೆಯನ್ನು ಉದ್ದಕ್ಕೂ ಸುಮಾರು 40ರಿಂದ 48 ಮೀಟರಿನ ಅಗ್ನಿವಲಯಗಳಾಗಿ, ಸಂಬಾರದ ಪೆಟ್ಟಿಗೆಯ ಖಾನೆಗಳಂತೆ, ವಿಂಗಡಿಸಿರುತ್ತಾರೆ. ನಡುವಣ ಉಕ್ಕಿನ ಗೋಡೆಗಳು 60 ನಿಮಿಷಗಳವರೆಗೆ ಜ್ವಾಲೆಯನ್ನೂ ಹೊಗೆಯನ್ನೂ ತಡೆಯಬೇಕು; ಒಂದು ಪಕ್ಕದಲ್ಲಿ ಕುಲುಮೆಯುರಿಯುತ್ತಿದ್ದರೂ ಇನ್ನೊಂದು ಪಕ್ಕದ ಉಷ್ಣ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಕೂಡದು. ಓಣಿಯ ನಡುವೆ ತೆರೆದು ನಿಂತಿರುವ ದಪ್ಪನೆಯ ಬಾಗಿಲು ಸಂಕಟಕಾಲದಲ್ಲಿ ತಾನಾಗಿ ಮುಚ್ಚಿಕೊಳ್ಳುವುದು ಇದಕ್ಕಾಗಿಯೇ. ಅದಕ್ಕೆ ಚೀಲವನ್ನೋ ಕುರ್ಚಿಯನ್ನೋ ಒತ್ತು ಕೊಟ್ಟು ನಿಲ್ಲಿಸುವವರು ಒಂದು ವಲಯದ ಬೆಂಕಿಯನ್ನು ಮತ್ತೊಂದಕ್ಕೆ ಕೈಹಿಡಿದು ಕರೆತಂದಂತೆ.

‘ಸ್ಟಾರ್ ಪ್ರಿನ್ಸೆಸ್’ನ ತನಿಖೆ ಮುಗಿಯುವ ಮುನ್ನವೇ ಬಾಲ್ಕನಿಗಳ ವಿಷಯದಲ್ಲಿ ತುರ್ತು ಎಚ್ಚರಿಕೆ ಹೊರಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಸೋಲಾಸಿಗೆ ತಿದ್ದುಪಡಿ ಸ್ವೀಕೃತವಾಗಿ 2008ರ ಜುಲೈ 1ರಿಂದ ಜಾರಿಗೆ ಬಂತು: ಬಾಲ್ಕನಿಗಳ ನಡುವಣ ಮರೆ ಉರಿಯದ ವಸ್ತುವಿನದಾಗಿರಬೇಕು, ಅಲ್ಲಿಯ ಪೀಠೋಪಕರಣಗಳು ಸುಲಭವಾಗಿ ಬೆಂಕಿ ಹಿಡಿಯದವಾಗಿರಬೇಕು, ಇಲ್ಲವಾದರೆ ಬೆಂಕಿಯ ಪತ್ತೆಗೂ ನೀರಿನ ತುಂತುರಿಗೂ ಏರ್ಪಾಡಿರಬೇಕು.

ಕಾನೂನು ಬಾಲ್ಕನಿಯನ್ನು ತಿದ್ದಿತೇ ಹೊರತು ಸೇದುವವರನ್ನು ತಿದ್ದಲಿಲ್ಲ. ಆ ಕೆಲಸ ಕಂಪನಿಗಳಿಗೆ ಬಿಟ್ಟದ್ದು. ಅವು ಮೀನಮೇಷ ಎಣಿಸಿದವು. ‘ಪ್ರಿನ್ಸೆಸ್’ ಕಂಪನಿ ಕೋಣೆ, ಬಾಲ್ಕನಿಗಳೆರಡರಲ್ಲಿಯೂ ಧೂಮಪಾನವನ್ನು ನಿಷೇಧಿಸಿದ್ದು 2012ರಲ್ಲಿ, ಅಪಘಾತವಾಗಿ ಆರು ವರ್ಷಗಳು ಕಳೆದ ಮೇಲೆ. ‘ರಾಯಲ್ ಕ್ಯಾರಿಬಿಯನ್’ ಮತ್ತು ‘ಕಾರ್ನಿವಲ್’ ಕಂಪನಿಗಳ ಬಾಲ್ಕನಿಗಳಿಗೆ ಈ ನಿಷೇಧ ಬಂದದ್ದು 2014ರಲ್ಲಿ. ಈಗ ಬಹುತೇಕ ದೊಡ್ಡ ನೌಕೆಗಳಲ್ಲಿ ತೆರೆದ ಅಂತಸ್ತಿನ ಒಂದು ಮೂಲೆ ಮಾತ್ರ ಸೇದುವವರ ಪಾಲಿಗೆ. ಕೆಲವೆಡೆ ಜೂಜಿನ ಕೋಣೆ. ಮೀರಿದವರ ಲೆಕ್ಕಕ್ಕೆ ನೂರಾರು ಡಾಲರುಗಳು ಏರುತ್ತವೆ.

ಹಣದ ಲೆಕ್ಕ ಈ ಸಂಕೋಚದ ಹಿಂದೆ ಇಲ್ಲದಿಲ್ಲ. 1998ರಲ್ಲಿಯೇ ‘ಕಾರ್ನಿವಲ್’ ಕಂಪನಿ ‘ಪ್ಯಾರಡೈಸ್’ ಎಂಬ ಸಂಪೂರ್ಣ ಧೂಮಪಾನರಹಿತ ನೌಕೆಯನ್ನು ನೀರಿಗಿಳಿಸಿತ್ತು. ಸೇದಿ ಸಿಕ್ಕಿಬಿದ್ದವರಿಗೆ 250 ಡಾಲರ್ ದಂಡ. ಅಷ್ಟೇ ಅಲ್ಲ, ಮುಂದಿನ ಬಂದರಿನಲ್ಲಿ ಇಳಿಸಿ ಊರ ದಾರಿ ಹಿಡಿಸುತ್ತಿದ್ದರು. ಮಾತಿನಲ್ಲಿ ಮೆಚ್ಚುಗೆ ಬಹಳ ದೊರೆಯಿತು. ಆದರೆ ಸೇದದವರು ಕುಡಿಯುವುದೂ ಜೂಜಾಡುವುದೂ ಕಡಿಮೆಯೆಂಬ ಸತ್ಯ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡಿತೆಂದು ಹೇಳುತ್ತಾರೆ. 2004ರಲ್ಲಿ ಆ ಪ್ರಯೋಗ ಮುಗಿಯಿತು. ಅಮೆರಿಕದ ಸರ್ಜನ್ ಜನರಲ್ 2006ರ ಜೂನಿನಲ್ಲಿ ಹೊರಡಿಸಿದ ವರದಿ, ಇತರರು ಸೇದಿ ಬಿಟ್ಟ ಹೊಗೆಯಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲ, ಗಾಳಿಯಂತ್ರಗಳಿಂದ ಅದನ್ನು ಪೂರ್ತಿ ಹೋಗಲಾಡಿಸಲಾಗದು ಎಂದು ಸಾರಿತು. ಜೂಜಿನ ಕೋಣೆಯಲ್ಲಿ ತಿಂಗಳುಗಟ್ಟಲೆ ದುಡಿಯುವ ಹುಡುಗ ಹುಡುಗಿಯರ ಶ್ವಾಸಕೋಶಕ್ಕೂ ಈ ಮಾತು ಅನ್ವಯಿಸುತ್ತದೆ.

ಹಡಗಿನ ಬೆಂಕಿಗೆಲ್ಲ ಸಿಗರೇಟೇ ಮೂಲವೆಂದರೆ ತಪ್ಪಾದೀತು. ಹೆಚ್ಚಿನ ಬೆಂಕಿಗಳು ಯಂತ್ರಶಾಲೆಯಲ್ಲಿ, ಸೋರಿದ ಎಣ್ಣೆ ಕಾದ ಲೋಹಕ್ಕೆ ತಾಕಿ ಹುಟ್ಟುತ್ತವೆ. 2010ರಲ್ಲಿ ‘ಕಾರ್ನಿವಲ್ ಸ್ಪ್ಲೆಂಡರ್’, 2013ರಲ್ಲಿ ‘ಕಾರ್ನಿವಲ್ ಟ್ರಯಂಫ್’ ಯಂತ್ರಶಾಲೆಯ ಬೆಂಕಿಯಿಂದ ಶಕ್ತಿಗುಂದಿ ಕಡಲಿನಲ್ಲಿ ತೇಲಿದವು. ಅವುಗಳನ್ನು ತಡೆಯುವುದು ಪ್ರಯಾಣಿಕನ ಕೈಯಲ್ಲಿಲ್ಲ. ಸಿಗರೇಟು ಮಾತ್ರ ಅವನ ಕೈಯಲ್ಲಿಯೇ ಇದೆ.

ಪೆಟ್ಟಿಗೆ ಕಟ್ಟುವಾಗ

ನಮ್ಮ ಮನೆಗಳಲ್ಲಿ ಪ್ರಯಾಣಕ್ಕೆ ಸಾಮಾನು ಕಟ್ಟುವ ಕ್ರಮವೇ ಬೇರೆ. ಬೆಳಗಿನ ಪೂಜೆಗೆ ಊದುಬತ್ತಿ, ಪುಟ್ಟ ಹಣತೆ. ಮಗುವಿನ ಹಾಲಿಗೂ ಅಜ್ಜನ ಕಾಫಿಗೂ ನೀರು ಕಾಯಿಸುವ ವಿದ್ಯುತ್ ಸುರುಳಿ. ಅಂಗಿ ಮಡಿಕೆಯಾಗಬಾರದೆಂದು ಇಸ್ತ್ರಿಪೆಟ್ಟಿಗೆ. ವಿಹಾರನೌಕೆಯ ತಪಾಸಣೆಯಲ್ಲಿ ಸಾಮಾನ್ಯವಾಗಿ ಇವೆಲ್ಲವನ್ನೂ ತೆಗೆದಿರಿಸಿಕೊಳ್ಳುತ್ತಾರೆ. ಇದು ಯಾರ ಆಚಾರಕ್ಕೂ ಮಾಡಿದ ಅವಮಾನವಲ್ಲ. ಮೇಣದಬತ್ತಿಗೂ ಅದೇ ಗತಿ. ಹಾಲು ಬಿಸಿ ಮಾಡಿಕೊಡಲು ಕೋಣೆಯ ಸೇವಕರನ್ನು ಕೇಳಿದರೆ ಸಾಕು. ವಿದ್ಯುತ್ ಸಿಗರೇಟಿಗೆ ಕಿಡಿಯಿಲ್ಲವೆಂದು ವಾದಿಸುವವರಿದ್ದಾರೆ. ಅದರೊಳಗಿನ ಲಿಥಿಯಂ ಬ್ಯಾಟರಿ ಕೆಟ್ಟಾಗ ಉರಿಯಬಲ್ಲದು. ಹಡಗುಗಳು ಅದನ್ನು ಸಾಮಾನ್ಯವಾಗಿ ಸಿಗರೇಟಿನ ಸಾಲಿನಲ್ಲಿಯೇ ಇಟ್ಟಿವೆ. ಅಂದ ಹಾಗೆ, ಭಾರತದಿಂದ ಹೊರಡುವವರು ಅದನ್ನು ಪೆಟ್ಟಿಗೆಗೆ ಹಾಕುವ ಪ್ರಶ್ನೆಯೇ ಏಳದು. 2019ರಿಂದ ಇಲ್ಲಿ ಅದರ ಮಾರಾಟವೂ ಆಮದೂ ನಿಷಿದ್ಧ.

ಸೇದುವ ಅಭ್ಯಾಸವಿರುವವರಿಗೆ ಇಂಥ ನಾಲ್ಕೈದು ದಿನಗಳ ಪ್ರಯಾಣ ಬಿಡುವುದಕ್ಕೆ ಒದಗಿದ ನೆಪವೂ ಆಗಬಹುದು. ಹೊರಡುವ ಎರಡು ಮೂರು ವಾರಗಳ ಮೊದಲೇ ವೈದ್ಯರನ್ನು ಕಂಡು ನಿಕೋಟಿನ್ ಗಮ್ ಮುಂತಾದವುಗಳ ವಿಷಯ ಕೇಳುವುದು ಲೇಸು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ 1800112356ಕ್ಕೆ ಶುಲ್ಕವಿಲ್ಲ. ಅದರ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸಿನಲ್ಲಿದೆ, ಇನ್ನೊಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಬಿಡಲಾರದವರು ಗೊತ್ತುಪಡಿಸಿದ ಮೂಲೆಯಲ್ಲಿಯೇ ಸೇದಿ, ಅಲ್ಲಿರುವ ಬೂದಿಪಾತ್ರೆಯಲ್ಲಿಯೇ ತುಂಡನ್ನು ಹೊಸಕಿ ಆರಿಸಬೇಕು. ಕಸದ ಬುಟ್ಟಿಗೆ ಹಾಕಿದರೂ ಅಪಾಯವೇ, ಅಲ್ಲಿ ಕಾಗದವಿರುತ್ತದೆ.

ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೆ ಪ್ರಯಾಣಿಕರಿಗೆಲ್ಲ ಒಂದು ಅಭ್ಯಾಸ ನಡೆಯುತ್ತದೆ. ಮೊದಲು ಇದನ್ನು 24 ಗಂಟೆಗಳೊಳಗೆ ನಡೆಸಿದರೆ ಸಾಕಿತ್ತು. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಮಗುಚಿದ ಬಳಿಕ, 2015ರಿಂದ, ತಡಮಾಡುವಂತಿಲ್ಲವೆಂದಾಯಿತು. ಏಳು ಗಿಡ್ಡ ಸಿಳ್ಳು, ಅದರ ಹಿಂದೆ ಒಂದು ಉದ್ದನೆಯ ಸಿಳ್ಳು: ಇದು ಸಂಕಟದ ಕರೆ. ತಮ್ಮ ಕೂಡುವ ಸ್ಥಳ ಯಾವುದು, ಕೋಣೆಯಿಂದ ಅಲ್ಲಿಗೆ ಎಷ್ಟು ಬಾಗಿಲು, ಮೆಟ್ಟಿಲು ಎಡಕ್ಕೋ ಬಲಕ್ಕೋ ಎಂಬುದನ್ನು ಮಕ್ಕಳೊಡನೆ ಒಮ್ಮೆ ನಡೆದು ನೋಡಿಕೊಳ್ಳುವುದಕ್ಕೆ ಹತ್ತು ನಿಮಿಷವೂ ಹಿಡಿಯದು. ಮೊಣಕಾಲು ನೋವಿನ ಹಿರಿಯರಿದ್ದರೆ ಮೊದಲ ದಿನವೇ ಸಿಬ್ಬಂದಿಗೆ ತಿಳಿಸಬೇಕು. ಬೆಂಕಿಯ ವೇಳೆ ಲಿಫ್ಟು ಇರುವುದಿಲ್ಲ. ಕೋಣೆಯಿಂದ ಹೊರಡುವಾಗ ಬಾಲ್ಕನಿಯ ಬಾಗಿಲನ್ನೂ ಕೋಣೆಯ ಬಾಗಿಲನ್ನೂ ಎಳೆದು ಮುಚ್ಚಬೇಕು. ಜನ ಈ ಅಭ್ಯಾಸಕ್ಕೆ ಬರುವುದು ಹೆಚ್ಚಾಗಿ ಮುಖ ಗಂಟಿಕ್ಕಿಕೊಂಡು. ಚಹಾದ ಸರತಿ ತಪ್ಪಿಹೋಗುತ್ತದೆಂಬ ಚಿಂತೆ ಅವರದು. ಹಡಗಿನ ಸಿಬ್ಬಂದಿಗಾದರೋ ಈ ಅಭ್ಯಾಸ ವಾರವಾರವೂ ಇದ್ದೇ ಇದೆ.

‘ಸ್ಟಾರ್ ಪ್ರಿನ್ಸೆಸ್’ ಜರ್ಮನಿಯ ಬ್ರೆಮರ್‌ಹಾವೆನ್ನಿನಲ್ಲಿ ದುರಸ್ತಿಯಾಗಿ 2006ರ ಮೇ ತಿಂಗಳಲ್ಲಿಯೇ ಕೆಲಸಕ್ಕೆ ಮರಳಿತು. ಅನಂತರ ಅದು ಕೈ ಬದಲಾಯಿಸಿ, ಎರಡು ಸಲ ಹೆಸರು ಬದಲಾಯಿಸಿ, 2025ರಿಂದ ‘ಕಾರ್ನಿವಲ್ ಎನ್‌ಕೌಂಟರ್’ ಎಂಬ ಹೆಸರಿನಿಂದ ಆಸ್ಟ್ರೇಲಿಯಾದ ಕಡೆ ಸಂಚರಿಸುತ್ತಿದೆ. ಅದರ ಬಾಲ್ಕನಿಗಳಲ್ಲಿ ಈಗ ಸಿಗರೇಟು ಸೇದುವಂತಿಲ್ಲ.